ಮಂಜುಗಡ್ಡೆಯ ಮೇಲೆ ಶಾಲು ಹೊದಿಸಿದ್ದು

ಕಳೆದ ಮಾರ್ಚ್‌ನಲ್ಲಿ ನನ್ನ ಪಿಎಚ್‌ಡಿ ಗೈಡ್ ಮೇಡಂಗೆ ಆರ್ಕ್ಟಿಕ್ ಸಂಶೋಧನೆಯ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಸ್ವೀಡನ್ನಿನ ಉಪ್ಸಾಲಾದ ನಮ್ಮ ವಿಭಾಗದಲ್ಲಿ ಅಂದಿನ ಫಿಕಾಗೆ, ಅಂದರೆ ಅಲ್ಲಿನ ಕಾಫಿ ವಿರಾಮಕ್ಕೆ, ಕಾಫಿಯ ಜೊತೆ ಒಂದು ಕೇಕ್ ಬಂತು. ಎಲ್ಲರೂ ಚಪ್ಪಾಳೆ ತಟ್ಟಿ, ತಿಂದು, ಕೆಲಸಕ್ಕೆ ಹೋದರು. ಅಲ್ಲಿದ್ದ ಮೂವರು ಕನ್ನಡಿಗರಾದ ನಮಗೆ ಮಾತ್ರ ಸಮಾಧಾನವಾಗಲಿಲ್ಲ.

"ಶಾಲಿಲ್ಲ, ಹಾರ ಇಲ್ಲ. ಇದೇನು ಪ್ರಶಸ್ತಿನಾ, ಬರ್ತ್‌ಡೇನಾ?" ಎಂದಳು ಮಂಗಳೂರಿನ ಗೆಳತಿ.

ಮೈಸೂರಿನ ಗೆಳೆಯ ತನ್ನ ಮದುವೆಯ ಪೇಟ ತಂದ. ನನ್ನಲ್ಲಿ ಹಾವೇರಿಯ ಏಲಕ್ಕಿ ಹಾರವಿತ್ತು, ಗೆಳತಿಯಲ್ಲಿ ಒಂದು ಶಾಲಿತ್ತು. ಶನಿವಾರ ಕೆರೆಯ ಮಂಜುಗಡ್ಡೆ ಅಳೆಯಲು ಹೋದಾಗ ಅಲ್ಲೇ ಸನ್ಮಾನ ಎಂದು ನಿಶ್ಚಯವಾಯಿತು.

ಮೇಡಂ ಗಡ್ಡೆ ಕೊರೆದು ಅಳೆದು, "ತೆಳ್ಳಗಿದೆ. ಒಬ್ಬೊಬ್ಬರಾಗಿ ನಿಂತರೆ ಪರವಾಗಿಲ್ಲ. ಹತ್ತು ಮೀಟರ್ ಅಂತರ ಇರಲಿ," ಎಂದರು. ಅವರ ಕೊರಳಲ್ಲಿ ಎರಡು ಮೊನಚು ಮೊಳೆಗಳು ನೇತಾಡುತ್ತಿದ್ದವು; ನೀರಿಗೆ ಬಿದ್ದರೆ ಗಡ್ಡೆಗೆ ಚುಚ್ಚಿ ಮೇಲೆ ಬರಲು. ಹಾರಕ್ಕೆ ಅಡ್ಡ ಬರುತ್ತದೆಂದು ನಾನೇ ಅವನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಈ ಕೈಯಿಂದಲೇ.

ಸನ್ಮಾನದ ಫೋಟೋ ಎಂದರೆ ಎಲ್ಲರೂ ಶಾಲಿನ ಅಂಚು ಹಿಡಿದಿರಬೇಕಲ್ಲ? ಹತ್ತು ಮೀಟರ್ ದೂರದಿಂದ ಯಾವ ಶಾಲು ಎಟುಕುತ್ತದೆ?

"ಇನ್ನೂ ಒತ್ತಿ ನಿಲ್ಲಿ, ಫ್ರೇಮಿಗೆ ಬರ್ತಿಲ್ಲ!" ಎಂದು ಕೂಗಿ, ಫೋನಿಗೆ ಟೈಮರ್ ಇಟ್ಟು, ಓಡಿ ಬಂದು ನಾನೂ ಶಾಲು ಹಿಡಿದೆ. ಓಡಿ ಬಂದೆ!

ಹಪ್ಪಳ ಮುರಿದಂಥ ಸದ್ದು. ಮೇಡಂ ಎದೆಯವರೆಗೆ ನೀರಿನಲ್ಲಿ. ತಲೆಗೆ ತೊಡಿಸಿದ್ದ ಪೇಟ ಮಾತ್ರ ನೆಟ್ಟಗಿತ್ತು.

"ಮಲಗಿ! ಹೊಟ್ಟೆ ಮೇಲೆ ಮಲಗಿ, ಹಿಂದೆ ಸರಿಯಿರಿ!" ಎಂದು ಅವರೇ ನಮಗೆ ಪಾಠ ಮಾಡಿದರು.

"ಶಾಲು ಬಿಡಬೇಡಿ ಮೇಡಂ!" ಎಂದು ಗೆಳತಿ ಅಳುತ್ತಿದ್ದಳು.

ನಾನು ಮೊಳೆಗಳನ್ನು ಅವರತ್ತ ಜಾರಿಸಿದೆ. ಅವರು ಒಂದು ಕೈಯಲ್ಲಿ ಶಾಲು ಹಿಡಿದು, ಇನ್ನೊಂದರಲ್ಲಿ ಗಡ್ಡೆಗೆ ಚುಚ್ಚಿದರು. ನಾವು ಮೂವರೂ ಮಲಗಿಕೊಂಡೇ ಎಳೆದೆವು. ಒದ್ದೆಯಾಗಿ, ಏಲಕ್ಕಿ ಪರಿಮಳ ಬೀರುತ್ತಾ ಮೇಲೆ ಬಂದರು. ಹಲ್ಲು ಕಟಕಟ ಎನ್ನುತ್ತಿದ್ದರೂ ಮೊದಲು ಕೇಳಿದ್ದು, "ಫೋಟೋ ಬಂತಾ?"

ಬಂದಿತ್ತು. ನಗುವ ನಾಲ್ಕು ಮುಖಗಳು, ಕಾಲಡಿ ಕೂದಲೆಳೆಯಷ್ಟು ಕಪ್ಪು ಗೆರೆ. ದಿನಕ್ಕೆ ಹತ್ತು ಸಲ ಆ ಗೆರೆಯನ್ನೇ ದೊಡ್ಡದು ಮಾಡಿ ನೋಡುತ್ತೇನೆ.

ಪ್ರಶಸ್ತಿ ಪಡೆಯಲು ಹೊರಡುವ ಹಿಂದಿನ ದಿನ ಮೇಡಂ ಕಾರಿಡಾರಿನಲ್ಲಿ ಅದೇ ಶಾಲು ಹೊದ್ದು ನಿಂತು, "ಇನ್ನೊಂದು ಫೋಟೋ ತೆಗೆಯೋಣ" ಎಂದರು. ನಾವು ಮೂವರೂ ಗೋಡೆಗೆ ಅಂಟಿಕೊಂಡು ದೂರವೇ ನಿಂತೆವು.

"ಬನ್ನಿ, ಕೆಳಗೆ ಕಾಂಕ್ರೀಟ್ ಇದೆ," ಎಂದು ನಕ್ಕರು.

ಗೆಳತಿ ಹೋದಳು, ಗೆಳೆಯ ಹೋದ. ನಾನು ಬೂಟಿನ ಹಿಮ್ಮಡಿಯಿಂದ ನೆಲವನ್ನು ಮೂರು ಸಲ ಗುದ್ದಿ ನೋಡಿ, ಆಮೇಲೆ ಹೋದೆ.