ಎಲ್ಲಿಗೆ ನಿಲ್ಲಿಸಿದ್ದೆವು?

ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಹುಣಸೂರಿನಿಂದ ಎಚ್.ಡಿ. ಕೋಟೆ ಕಡೆಗೆ ಹೋಗುವ ಬಸ್ಸಿನ ಕಿಟಕಿ ತೆರೆದರೆ ಒಂದು ವಾಸನೆ ಒಳಗೆ ಬರುತ್ತದೆ, ಒಣಹುಲ್ಲಿಗೆ ಬೆಲ್ಲದ ಪಾಕ ಚಿಮುಕಿಸಿ ಬಿಸಿಲಿಗೆ ಹರಡಿದಂತೆ. ಉಳಿದವರಿಗೆ ಅದು ಸೊಪ್ಪು ಬೇಯಿಸುವ ಬ್ಯಾರನ್ನಿನ ವಾಸನೆ. ನನಗೆ ಸತ್ಯವೇದದ ವಾಸನೆ. ನಮ್ಮೂರ ಚರ್ಚಿನ ಉಪದೇಶಿ ದೇವದಾಸಪ್ಪನವರು ಹಿಂದೆ ಮೇಷ್ಟ್ರಾಗಿದ್ದವರು. ಅವರ ಮನೆ ಅಂಥದೊಂದು ಬ್ಯಾರನ್ನಿನ ಗೋಡೆಗೆ ಆತುಕೊಂಡಿತ್ತು. ಅವರ ಕೋಟು, ಕಂಬಳಿ, ಕಪ್ಪು ರಟ್ಟಿನ ದಪ್ಪ ಬೈಬಲ್ಲು, ಎಲ್ಲಕ್ಕೂ ಆ ವಾಸನೆ ಹತ್ತಿತ್ತು. ಭಾನುವಾರ ಅವರು ಪುಸ್ತಕ ಬಿಚ್ಚಿದರೆ ಮುಂದಿನ ಚಾಪೆಯವರೆಗೂ ಬರುತ್ತಿತ್ತು. ಆ ಚಾಪೆಯ ಮೇಲೆ ಅಜ್ಜಿ ರೂತಮ್ಮ, ಅವಳ ತೊಡೆಗೆ ಒರಗಿ ನಾನು. ಗಂಡಸರ ಕಡೆ ಗೋಡೆಗೆ ಬೆನ್ನು ಕೊಟ್ಟು ದರ್ಜಿ ಯೇಸುದಾಸಪ್ಪ. ಮಗು ಅತ್ತರೆ ಎದ್ದು ಹೋಗಲು ಅನುಕೂಲವಾಗಲೆಂದು ಬಾಗಿಲ ಬಳಿ ಬಾಣಂತಿಯರು. ಹೆಂಚಿನ ಆ ಪುಟ್ಟ ಚರ್ಚು ಇಷ್ಟಕ್ಕೇ ತುಂಬಿದಂತೆ ಕಾಣುತ್ತಿತ್ತು.

ಉಪದೇಶಿಗಳು ಪ್ರಸಂಗ ಶುರುಮಾಡುತ್ತಿದ್ದುದು ಒಂದು ಪ್ರಶ್ನೆಯಿಂದ. ಕನ್ನಡಕ ಏರಿಸಿ, "ಎಲ್ಲಿಗ್ ನಿಲ್ಸಿದ್ದೊ ಕಣ್ರಪ್ಪ?" ಅನ್ನುವರು. ಅವರಿಗೆ ಗೊತ್ತಿಲ್ಲದೆ ಅಲ್ಲ. ನಾವು ಹೇಳಬೇಕು, ಹೇಳಿದ ಮೇಲೆಯೇ ಮುಂದಿನ ವಚನ. ಅಕ್ಷರ ಬಾರದ ನನ್ನ ಅಜ್ಜಿ ಎಲ್ಲರಿಗಿಂತ ಮೊದಲು ಬಾಯಿ ಬಿಡುವಳು. "ಪೌಲನ್ನ ಹಡಗು ಹತ್ಸಿ ನಿಲ್ಸಿದ್ರಿ. ವಾರದಿಂದ ನೀರ್ನಲ್ಲೇ ಅವ್ನೆ, ಬ್ಯಾಗ ದಡ ಸೇರ್ಸಿ" ಎಂದು ಒಮ್ಮೆ ಅಂದಾಗ ಬಾಣಂತಿಯರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು. ಆಮೇಲೆ ಒಂದು ವಚನ ಓದುವುದು, ಅದರಲ್ಲಿ ಏನಿದೆಯೋ ಅದನ್ನು ಬಿಡಿಸಿ ಹೇಳುವುದು, ಮತ್ತೆ ಮುಂದಿನದು. ಕಹಿಯಾದದ್ದೂ ಬಂತೇ, ಬರಲಿ. ಕಡ್ಡಿಗೆ ಸೊಪ್ಪು ಕಟ್ಟುವವಳು ಎಲೆ ಮೇಲೆ ಎಲೆ ಎತ್ತಿಕೊಳ್ಳುವ ಹಾಗೆ, ಅವರು ಯಾವುದನ್ನೂ ದಾಟಿ ಹೋಗುತ್ತಿರಲಿಲ್ಲ.

ಒಂದು ವರ್ಷ ನನ್ನ ಚಿಕ್ಕಪ್ಪ ಲಕ್ಷ್ಮಣತೀರ್ಥ ಹೊಳೆಯಲ್ಲಿ ಈಜಲು ಇಳಿದವನು ಮೇಲೆ ಬರಲಿಲ್ಲ. ಅಜ್ಜಿಯ ಕಿರಿಮಗ, ಇನ್ನೂ ಮದುವೆಯಾಗದವನು. ಮಣ್ಣಿಗೆ ಬಂದಿದ್ದ ಅಜ್ಜಿಯ ನಾದಿನಿ, ಹೊಸ ಅಗ್ರಹಾರದ ಸುಗುಣಮ್ಮ, ಹೆಂಗಸರೆಲ್ಲ ಕೂತಿದ್ದ ಜಗಲಿಯಲ್ಲೇ, "ತಪ್ಪಿಲ್ದೆ ಇಂತಾದ್ದು ಬರಕಿಲ್ಲ ಕಣತ್ಗೆ. ಎಲ್ಲೊ ಏನೊ ನಡೆದದೆ. ದೇವ್ರ ತಾವ ಒಪ್ಕಬುಡು" ಅಂದಳು. ಅಜ್ಜಿ ಅಳಲಿಲ್ಲ. ಆ ಮಾತು ಮಾತ್ರ ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿನಂತೆ ಅವಳೊಳಗೆ ಉಳಿಯಿತು. ಸ್ವಲ್ಪ ದಿನ ಕಳೆದು ಉಪದೇಶಿಗಳ ಮನೆ ಬಾಗಿಲಲ್ಲಿ ನಿಂತು ಕೇಳಿದಳು: "ನನ್ ಪಾಪಕ್ಕೆ ನನ್ ಮಗ ಹೋದ್ನ? ನಿಮ್ ಸಮಾಧಾನದ ಮಾತು ಬ್ಯಾಡ. ಪುಸ್ತಕದಲ್ಲಿ ಏನದೆ ಏಳಿ."

"ಒಂದ್ ಮಾತಲ್ಲಿ ಏಳೋದಲ್ಲ ಕಣವ್ವ. ಮೊದ್ಲಿಂದ ಕೊನೆಗಂಟ ಕೇಳ್ಬೇಕು. ತಡ್ಕತೀಯ?"

"ತಡ್ಕತೀನಿ."

ಮುಂದಿನ ಭಾನುವಾರ ಯೋಬನ ಪುಸ್ತಕ ಶುರುವಾಯಿತು. ಸಾಧುವಾದ ಆ ಮನುಷ್ಯನ ಕುರಿ, ಒಂಟೆ, ಎತ್ತು, ಕತ್ತೆ ಹೋದವು. ಏಳು ಗಂಡು, ಮೂರು ಹೆಣ್ಣು ಮಕ್ಕಳೂ ಹೋದರು. ಅವನು ಬೂದಿಯಲ್ಲಿ ಕೂತ. ಸ್ನೇಹಿತರು ಬಂದು ಏಳು ದಿನ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತರು, ಯಾರೂ ಮಾತಾಡಲಿಲ್ಲ ಎಂಬಲ್ಲಿಗೆ ಬಂದಾಗ ಉಪದೇಶಿಗಳು ತಾವೂ ನೆಲಕ್ಕೆ ಕೂತು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡರು. ಏನೂ ಹೇಳಲಿಲ್ಲ. ಹೊರಗೆ ಯಾರದೋ ಗಾಡಿ ಹೋದ ಸದ್ದು ಬಂತು. ಆ ಹೊತ್ತಿನಲ್ಲಿ ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮಗ ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು.

ಆಮೇಲೆ ಆ ಸ್ನೇಹಿತರು ಬಾಯಿ ಬಿಟ್ಟರು. ಮೊದಲನೆಯವನು ಎಲೀಫಜ: ನಿರಪರಾಧಿ ಎಲ್ಲಾದರೂ ನಾಶವಾದದ್ದುಂಟೇ ಎಂದು ಕೇಳಿದವನು. "ಹೊಸ ಅಗ್ರಾರದೋಳ್ನ ಕಂಡಂಗಾಯ್ತು" ಎಂದು ಅಜ್ಜಿ ಕೂತಲ್ಲೇ ಗೊಣಗಿದಳು. ಅಂದಿನಿಂದ ಸುಗುಣಮ್ಮ ನಮ್ಮ ಮನೆಯಲ್ಲಿ ಎಲೀಫಜಮ್ಮ ಆದಳು. ಸಾವಿನ ಮನೆಗೆ ಬಂದು ಬುದ್ಧಿ ಹೇಳುವವರನ್ನೆಲ್ಲ ನಾವು ಇವತ್ತಿಗೂ ಎಲೀಫಜರು ಅಂತಲೇ ಕರೆಯುವುದು. ವಾರಗಳು ಉರುಳಿದವು, ಸ್ನೇಹಿತರ ಮಾತು ಮುಗಿಯಲೊಲ್ಲದು. "ಉಪದೇಶಿಗಳೆ, ನಮ್ಮ ಅಳ್ಳಿ ಪಂಚಾಯ್ತಿಗಿಂತ ಉದ್ದ ಆಯ್ತಲ್ಲ" ಎಂದ ದರ್ಜಿ ಯೇಸುದಾಸಪ್ಪ. "ಯೋಬ ತಡ್ಕಂಡಿಲ್ವ ಯೇಸುದಾಸ? ನೀನೂ ವಸಿ ತಡ್ಕೊ" ಎಂದರು ಅವರು. ಅಜ್ಜಿ ಒಂದು ಭಾನುವಾರವನ್ನೂ ಬಿಡಲಿಲ್ಲ. ಕೊನೆಯಲ್ಲಿ ದೇವರು ಯಾರ ಕಡೆ ಮಾತಾಡುತ್ತಾನೆ ಎಂಬುದು ಅವಳಿಗೆ ಗೊತ್ತಾಗಬೇಕಿತ್ತು.

ಸುಂಟರಗಾಳಿಯೊಳಗಿಂದ ದೇವರು ಮಾತಾಡತೊಡಗಿದ್ದ, ಅಷ್ಟರಲ್ಲಿ ಉಪದೇಶಿಗಳು ಕಾಯಿಲೆ ಬಿದ್ದು ಮಲಗಿಬಿಟ್ಟರು. ಹಂಪಾಪುರದ ಮಗಳು ಬಂದು ಅವರನ್ನು ಕರೆದುಕೊಂಡು ಹೋದಳು. ಅವರ ಜಾಗಕ್ಕೆ ಬಂದ ಹುಡುಗಪ್ರಾಯದ ಅಯ್ಯನವರು ಒಳ್ಳೆಯವರೇ, ನಗುಮುಖದವರು. ಒಂದು ವಚನ ಓದಿ ಪುಸ್ತಕ ಮುಚ್ಚಿ, ರಾಜನ ಕತೆ, ಗಿಳಿಯ ಕತೆ ಹೇಳಿ ಎಲ್ಲರನ್ನೂ ನಗಿಸುವರು. ಎಲ್ಲಿಗೆ ನಿಲ್ಲಿಸಿದ್ದೆವು ಎಂದು ಅವರು ಕೇಳಲಿಲ್ಲ. ಅಜ್ಜಿಯೇ ಯೋಬನ ಮಾತೆತ್ತಿದಾಗ, "ಕೊನೆಗೆ ಎಲ್ಲಾ ಎರಡರಷ್ಟು ಸಿಕ್ತಲ್ಲಾ ಅಜ್ಜಿ! ನಿಮಗೂ ಸಿಗುತ್ತೆ" ಅಂದರು.

"ಮಕ್ಳೂನ?"

"ಎಲ್ಲಾನೂ!"

ಅಜ್ಜಿ ನನ್ನ ಕೈ ಹಿಡಿದು ಹೊರಟಳು. ನಾವು ಮನೆಗೆ ಹೋಗಲಿಲ್ಲ, ಹಂಪಾಪುರದ ಬಸ್ಸು ಹತ್ತಿದೆವು.

ಉಪದೇಶಿಗಳು ದಿಂಬಿಗೆ ಒರಗಿದ್ದರು. ಮೈ ಇಳಿದುಹೋಗಿತ್ತು. ಅಜ್ಜಿಯನ್ನು ಕಂಡವರೇ ದಿಂಬಿನ ಪಕ್ಕದ ಪುಸ್ತಕಕ್ಕೆ ಕೈ ಹಾಕಿ, "ಎಲ್ಲಿಗ್ ನಿಲ್ಸಿದ್ದೊ ರೂತವ್ವ?" ಅಂದರು.

"ಸುಂಟರಗಾಳೀಲಿ."

ಅಲ್ಲಿಂದಲೇ ಓದಿದರು. ಕೊನೆಗೆ ಹಾರಲಿಲ್ಲ. ಉಸಿರು ಕಟ್ಟಿದಾಗ ನಿಲ್ಲಿಸಿ, ನೀರು ಕುಡಿದು, ಮತ್ತೆ ಓದಿದರು. ಕಡೆಯ ಅಧ್ಯಾಯದಲ್ಲಿ ದೇವರು ಎಲೀಫಜನ ಕಡೆಗೆ ತಿರುಗಿ, ನಿನ್ನ ಮೇಲೂ ನಿನ್ನ ಗೆಳೆಯರ ಮೇಲೂ ನನಗೆ ಸಿಟ್ಟು ಬಂದಿದೆ, ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ, ಯೋಬ ಆಡಿದ ಎಂದ.

"ಎಸ್ರು ಏಳಿ ಬೈದನಾ?" ಅಜ್ಜಿ ಮುಂದಕ್ಕೆ ಬಾಗಿದಳು.

"ಎಸ್ರು ಏಳೇ ಬೈದ ಕಣವ್ವ."

ಮುಂದೆ ಓದಿದರು. ಕುರಿ, ಒಂಟೆ, ಎತ್ತು, ಕತ್ತೆ, ಎಲ್ಲ ಎರಡರಷ್ಟು. ಮಕ್ಕಳು ಮಾತ್ರ ಏಳು ಗಂಡು, ಮೂರು ಹೆಣ್ಣು, ಮೊದಲಿದ್ದಷ್ಟೇ.

"ಮಕ್ಳು ಯಾಕೆ ಎರಡರಷ್ಟಿಲ್ಲ?"

"ಯಾಕೆ ಅಂತ ಬರ್ದಿಲ್ಲ. ಬರ್ದಿಲ್ದಿರೋದ ನಾ ಎಂಗೆ ಏಳ್ಲಿ?"

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುರುಳಿ ಸುತ್ತಿ ಬಿಚ್ಚಿದಳು. ಆಮೇಲೆ, ಯಾರಿಗೂ ಅಲ್ಲದಂತೆ, "ಕುರಿ ಸತ್ರೆ ಹೋಯ್ತು, ಇನ್ನೊಂದು ಬತ್ತದೆ. ಮೊದ್ಲಿನ ಮಕ್ಳು ಹೋಗಿಲ್ಲ. ಅವ್ರೂ ಯೋಬನ ಮಕ್ಳೇ, ಎಲ್ಲೊ ಅವ್ರೆ. ಸೇರ್ಸಿದ್ರೆ ಎರಡರಷ್ಟೇ ಆಯ್ತಲ್ಲ" ಅಂದಳು. ಉಪದೇಶಿಗಳು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಪುಸ್ತಕ ಮುಚ್ಚಿ ಅದರ ಮೇಲೆ ಕೈ ಇಟ್ಟುಕೊಂಡರು. ಆ ಔಷಧಿ ವಾಸನೆಯ ಕೋಣೆಯಲ್ಲೂ ಹೊಗೆಸೊಪ್ಪಿನ ವಾಸನೆ ಒಂದು ಗಳಿಗೆ ಬಂದು ಹೋಯಿತು.

ಆ ವರ್ಷ ಸೊಪ್ಪು ಬೇಯಿಸುವ ಕಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು. ಈಗ ನಮ್ಮ ಚರ್ಚಿಗೆ ಟೈಲ್ಸ್ ಬಂದಿದೆ, ಕೀಬೋರ್ಡ್ ಬಂದಿದೆ, ಗೋಡೆಯ ಮೇಲಿನ ಪರದೆಯಲ್ಲಿ ಒಂದು ವಚನ ಬಣ್ಣದಲ್ಲಿ ಮೂಡಿ ಮಾಯವಾಗುತ್ತದೆ. ಊರಿಗೆ ಹೋದಾಗ ನಾನೂ ಕೂತು ಕೇಳುತ್ತೇನೆ. ಪ್ರಸಂಗ ಮುಗಿಯುತ್ತದೆ; ಎಲ್ಲಿಯೂ ನಿಂತಿರುವುದಿಲ್ಲವಾದ್ದರಿಂದ ಮುಂದಿನ ವಾರಕ್ಕೆ ಏನೂ ಉಳಿದಿರುವುದಿಲ್ಲ.

ಉಪದೇಶಿಗಳು ಹೋದ ಕೆಲವು ವರ್ಷಗಳ ನಂತರ ಹೊಸ ಅಗ್ರಹಾರದ ಸುಗುಣಮ್ಮನ ಮಗಳು ಹೆರಿಗೆಯಲ್ಲಿ ಸತ್ತಳು. ಸುದ್ದಿ ಬಂದಾಗ, ಹೋಗುವುದು ಬೇಡ, ಆ ಎಲೀಫಜಮ್ಮನಿಗೆ ಹೇಳಲು ನಿನ್ನ ಹತ್ತಿರ ಏನಿದೆ ಎಂದು ಅಪ್ಪ ಅಂದ. "ಏಳಕೇನಿಲ್ಲ ಕಣ್ಲಾ" ಎಂದು ಅಜ್ಜಿ ಸೀರೆ ಬದಲಿಸಿ ಹೊರಟಳು. ನಾನೂ ಹೋಗಿದ್ದೆ. ಅಜ್ಜಿ ಸೀದಾ ಒಳಗೆ ಹೋಗಿ, ಗೋಡೆಗೆ ಮುಖ ಮಾಡಿ ಕೂತಿದ್ದ ನಾದಿನಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಏಳು ದಿನ ಅಲ್ಲೇ ಇದ್ದಳು. ಒಂದು ಮಾತೂ ಆಡಲಿಲ್ಲ.