ನಾಲ್ಕು ಖಾಲಿ ಸಾಲು

ನನಗೆ ಬಾಯಿ ಮುಚ್ಚಿ ಕೂರಲು ಬರುವುದಿಲ್ಲ. ಇದು ನನ್ನೊಬ್ಬನ ದೋಷವಲ್ಲ, ಮನೆತನದ್ದು. ಅಪ್ಪ ಗದಗಿನ ಕಡೆಯ ಒಂದು ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದ. ಪಕ್ಕದ ಪರದೆಯ ಹಿಂದೆ ನಿಂತು, ನಟರಿಗಿಂತ ಒಂದು ಹೆಜ್ಜೆ ಮುಂದಾಗಿ ಪ್ರತಿ ಮಾತನ್ನೂ ಪಿಸುದನಿಯಲ್ಲಿ ಎತ್ತಿಕೊಡುವುದು ಅವನ ಕೆಲಸ. ನಟರು ಬಾಯಿಪಾಠಕ್ಕಿಂತ ಅಪ್ಪನ ಧ್ವನಿಯನ್ನು ಹೆಚ್ಚು ನಂಬುತ್ತಿದ್ದರು. ನಮ್ಮ ಕಂಪನಿ ನಾಟಕದಲ್ಲಿ ಅರೆಗಳಿಗೆ ಮಾತು ನಿಂತರೆ ಸಾಕು, ಮುಂದಿನ ಸಾಲಿನಿಂದ ಸಿಳ್ಳೆ ಬೀಳುತ್ತಿತ್ತು. “ಸ್ಟೇಜ್ ಮ್ಯಾಲೆ ಮಾತು ನಿಂತ್ರ ಮನೀಗೆ ಬೆಂಕಿ ಬಿದ್ದಂಗ ತಮ್ಮಾ. ಮದ್ಲ ನೀರು ಹಾಕು, ಆಮ್ಯಾಲ ಯಾರ ತಪ್ಪು ಅಂತ ಕೇಳು,” ಅನ್ನುತ್ತಿದ್ದ.

ಸಿಡ್ನಿಯ ರೌಸ್ ಹಿಲ್‌ನ ಒಂದು ಮನೆಯಲ್ಲಿ ನಾನು ಮಾಡಿದ ಕೆಲಸವನ್ನು ಅವನ ಮಗನಾಗಿಯೇ ಮಾಡಿದೆ. ಇದು ನೆಪವಲ್ಲ. ನೆಪ ಹೇಳಿ ತಪ್ಪಿಸಿಕೊಳ್ಳುವ ವಯಸ್ಸು ದಾಟಿದೆ.

ನಾನು ಮೆಲ್ಬರ್ನಿಗೆ ಬಂದಾಗ ಹೊಸ ಶತಮಾನಕ್ಕೆ ಇನ್ನೂ ಹಾಲುಹಲ್ಲು. ಓದಿದ್ದು ಅಕೌಂಟಿಂಗ್, ಕನಸು ಕಂಡಿದ್ದು ಪಿಆರ್, ಅಂದರೆ ಇಲ್ಲೇ ಕಾಯಂ ನೆಲೆಸುವ ಪರವಾನಗಿ, ಮಾಡಿದ್ದು ಬಾಕ್ಸ್ ಹಿಲ್‌ನ ಒಂದು ವೃದ್ಧರ ಆರೈಕೆ ಮನೆಯಲ್ಲಿ ಸ್ನಾನ ಮಾಡಿಸುವ, ಶೇವ್ ಮಾಡುವ, ಉಣ್ಣಿಸುವ ಕೆಲಸ. ನಮ್ಮ ಮಹಡಿಯ ಹಿರಿಯ ನರ್ಸ್ ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ ಆಂಟಿ. ನನ್ನ ಜೊತೆ ಮಾತ್ರ ಕನ್ನಡ. “ನೀನು ಎಂತ ಮಾರಾಯ, ರೇಡಿಯೋ ಹಾಗೆ! ಅವರಿಗೆ ಉಸಿರು ಬಿಡ್ಲಿಕ್ಕಾದ್ರೂ ಸ್ವಲ್ಪ ಬಿಡು,” ಅಂತ ದಿನಕ್ಕೆರಡು ಬಾರಿ ಬೈಯುತ್ತಿದ್ದರು.

ಕಾರಿಡಾರಿನ ಕೊನೆಯ ರೂಮಿನಲ್ಲಿ ಒಬ್ಬ ಇಂಗ್ಲಿಷ್ ನಟರಿದ್ದರು. ವಯಸ್ಸು ಎಂಬತ್ತರ ಆಚೆ. ಮನಸ್ಸಿನಲ್ಲಿ ನಾನು ಅವರನ್ನು ಅಜ್ಜ ಅಂತಲೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ. ಅಪ್ಪನ ಕೆಲಸ ಏನೆಂದು ತಿಳಿದ ದಿನ ಸೋಪಿನ ನೊರೆಯ ಮುಖದಲ್ಲೇ ನನ್ನ ಕೈ ಹಿಡಿದುಕೊಂಡರು. “ಪ್ರಾಂಪ್ಟರನ ಮಗನಾ! ನಿಮ್ಮಪ್ಪ ಎಷ್ಟು ಜನರ ಮಾನ ಉಳಿಸಿರಬೇಕು!” ಅಂದರು. ಆಸ್ಟ್ರೇಲಿಯಾದಲ್ಲಿ ಅಪ್ಪನ ಕೆಲಸಕ್ಕೆ ಸಿಕ್ಕ ಮೊದಲ ಮರ್ಯಾದೆ ಅದು. ಅಂದಿನಿಂದ ಅವರ ಶೇವಿಂಗ್ ಸರದಿಯನ್ನು ನಾನು ಯಾರಿಗೂ ಬಿಟ್ಟುಕೊಡಲಿಲ್ಲ.

ಅವರ ಬದುಕು ನನಗೆ ತಿಳಿದದ್ದು ಹೀಗೆ, ದಿನಕ್ಕೊಂದು ಕೆನ್ನೆಯಷ್ಟು. ಹುಟ್ಟಿದ್ದು ಇಂಗ್ಲೆಂಡಿನ ಉತ್ತರದ ಒಂದು ಗಿರಣಿ ಊರಿನಲ್ಲಿ. ಹದಿನೇಳಕ್ಕೆ ಮನೆ ಬಿಟ್ಟು ಸಣ್ಣ ಊರುಗಳ ಥಿಯೇಟರ್ ಸೇರಿದರು. ವಾರಕ್ಕೊಂದು ಹೊಸ ನಾಟಕ. ಸಂಜೆ ಒಂದನ್ನು ಆಡುತ್ತಾ ಬೆಳಿಗ್ಗೆ ಇನ್ನೊಂದನ್ನು ಕಲಿಯಬೇಕು. ಆಮೇಲೆ ಲಂಡನ್, ಆಮೇಲೆ ಸಿನಿಮಾ. ಸಿನಿಮಾದ ಮಾತು ಬಂದರೆ ನಗುತ್ತಿದ್ದರು. “ಹದಿನಾಲ್ಕು ಸಿನಿಮಾದಲ್ಲಿ ಸತ್ತಿದ್ದೇನೆ. ಪೊಲೀಸನಾಗಿ, ಡಾಕ್ಟರಾಗಿ, ಒಮ್ಮೆ ಪಾದ್ರಿಯಾಗಿ. ಎಲ್ಲದರಲ್ಲೂ ನಾಯಕಿ ಬರುವ ಮೊದಲೇ,” ಅನ್ನುತ್ತಿದ್ದರು.

ಆದರೆ ಸ್ಟೇಜಿನ ಮಾತು ಬಂದರೆ ನಗುತ್ತಿರಲಿಲ್ಲ. ಲಂಡನ್ನಿನ ಒಂದು ನಾಟಕದಲ್ಲಿ ಅವರಿಗೆ ಮಗನ ಸಾವಿನ ಪತ್ರ ಬರುವ ದೃಶ್ಯವಿತ್ತಂತೆ. ಓದಿ ಮುಗಿಸಿ ಒಂದು ಮಾತೂ ಆಡದೆ ಕನ್ನಡಕ ತೆಗೆದು ಒರೆಸುತ್ತಿದ್ದರಂತೆ, ಬಹಳ ಹೊತ್ತು. “ಅಷ್ಟು ಹೊತ್ತು ಯಾರೂ ಕೆಮ್ಮುತ್ತಿರಲಿಲ್ಲ. ನನ್ನ ಜೀವನದಲ್ಲಿ ನಾನು ಚೆನ್ನಾಗಿ ಮಾಡಿದ ಕೆಲಸ ಅದೊಂದೇ,” ಅಂದರು. ನಮ್ಮೂರಲ್ಲಾಗಿದ್ದರೆ ಸಿಳ್ಳೆ ಹೊಡೆದು ಓಡಿಸುತ್ತಿದ್ದರು ಎಂದು ನಾನು ಹೇಳಿದೆ. ನಾನು ರೇಜರ್ ದೂರ ಹಿಡಿದೆ, ಇಬ್ಬರೂ ನಕ್ಕೆವು.

ಮಗಳ ವಿಷಯ ಬರಲು ತಿಂಗಳುಗಳೇ ಬೇಕಾದವು. ನಲವತ್ತು ದಾಟಿದ ಮೇಲೆ ಒಂದು ತಂಡದೊಂದಿಗೆ ಆಸ್ಟ್ರೇಲಿಯಾ ಪ್ರವಾಸಕ್ಕೆ ಬಂದಿದ್ದರು. ಆರು ತಿಂಗಳ ಕೆಲಸ. ಊರಲ್ಲಿ ಹೆಂಡತಿ, ಎಂಟು ವರ್ಷದ ಮಗಳು. ಒಂಬತ್ತನೇ ಹುಟ್ಟುಹಬ್ಬಕ್ಕೆ ಬಂದೇ ಬರುತ್ತೇನೆ ಅಂದಿದ್ದರು. ತಂಡದಲ್ಲೇ ಒಬ್ಬ ನಟಿಯ ಜೊತೆ ಮನಸ್ಸು ಕೂಡಿತು, ಪ್ರವಾಸ ಮುಗಿಯಿತು, ತಂಡ ವಾಪಸ್ ಹೋಯಿತು, ಇವರು ಹೋಗಲಿಲ್ಲ. ಹುಟ್ಟುಹಬ್ಬದ ದಿನ ಸಿಡ್ನಿಯಲ್ಲಿ ಬಣ್ಣ ಹಚ್ಚಿಕೊಂಡು ಕೂತಿದ್ದರು. ಆ ನಟಿ ತೀರಿಹೋದಳು. ಊರಲ್ಲಿ ಹೆಂಡತಿಯೂ ತೀರಿಹೋದಳು. ಮಗಳು ಬೆಳೆದು, ಮದುವೆಯಾಗಿ, ಗಂಡನ ಕೆಲಸದ ಹಿಂದೆ ಸಿಡ್ನಿಗೇ ಬಂದು ಹತ್ತು ವರ್ಷವಾಗಿತ್ತು. ಮೆಲ್ಬರ್ನಿನಿಂದ ವಿಮಾನದಲ್ಲಿ ಹೆಚ್ಚೆಂದರೆ ಒಂದೂವರೆ ತಾಸು. ಒಂದು ಸಲವೂ ಭೇಟಿಯಿರಲಿಲ್ಲ, ಕ್ರಿಸ್ಮಸ್‌ಗೆ ಒಂದು ಕಾರ್ಡು ಮಾತ್ರ.

ಅಷ್ಟರಲ್ಲಿ ಅಜ್ಜನ ನೆನಪು ಸೋರತೊಡಗಿತ್ತು. ಹಳೆಯ ನಾಟಕದ ಮಾತುಗಳು ಪುಟಗಟ್ಟಲೆ ಬರುತ್ತಿದ್ದವು, ಬೆಳಗಿನ ತಿಂಡಿ ನೆನಪಿರುತ್ತಿರಲಿಲ್ಲ. ಇನ್ನು ಬೇಗ ಬೇಗ ಕೆಳಗಿಳಿಯುತ್ತದೆ ಅಂತ ಡಾಕ್ಟರ್ ಹೇಳಿಹೋದ ಮರುದಿನ ಅಜ್ಜ ನನ್ನನ್ನು ಕೂರಿಸಿಕೊಂಡರು. “ಅವಳ ಹತ್ತಿರ ಕ್ಷಮೆ ಕೇಳಬೇಕು. ಅವಳ ಹೆಸರು ಮರೆಯುವ ಮೊದಲು. ನನ್ನ ಸ್ವಂತ ಮಾತು ಈಗ ನಿಲ್ಲುವುದಿಲ್ಲ, ಕಲಿತ ಮಾತು ನಿಲ್ಲುತ್ತದೆ. ಅದಕ್ಕೇ ಕಲಿಯೋಣ. ನೀನು ನನ್ನ ಪ್ರಾಂಪ್ಟರ್,” ಅಂದರು.

ಮಗಳಿಗೆ ಪತ್ರ ಹೋಯಿತು. ಮೂರು ವಾರ ಬಿಟ್ಟು ಉತ್ತರ ಬಂತು: ಭಾನುವಾರ ಮಧ್ಯಾಹ್ನ ಊಟಕ್ಕೆ ಬರಬಹುದು, ನಾಲ್ಕು ಗಂಟೆಗೆ ನಮಗೆ ಬೇರೆ ಕೆಲಸವಿದೆ.

ಬುದ್ಧಿ ತಿಳಿಯಾಗಿದ್ದ ಬೆಳಿಗ್ಗೆಗಳಲ್ಲಿ ಅಜ್ಜ ಒಂದು ನೋಟ್‌ಬುಕ್ಕಿನಲ್ಲಿ ತಮ್ಮ ಮಾತು ಬರೆದರು. ಎರಡು ಪುಟ. ಅಕ್ಷರ ದೊಡ್ಡದು, ನಡುನಡುವೆ ಜಾಗ ಬಿಟ್ಟಿದ್ದರು. ಒಂದು ಕಡೆಯಂತೂ ನಾಲ್ಕು ಸಾಲು ಖಾಲಿ. ನಾನು ನನಗೊಂದು ಪ್ರತಿ ಮಾಡಿಕೊಂಡೆ, ಜೇಬಿನಲ್ಲಿ ಹಿಡಿಯುವಂತೆ ಒಂದೇ ಹಾಳೆಯಲ್ಲಿ ಒತ್ತೊತ್ತಾಗಿ. ಅಪ್ಪನ ಪ್ರಾಂಪ್ಟ್ ಬುಕ್ಕುಗಳೂ ಹಾಗೇ ಇದ್ದವು, ಇರುವೆ ಹರಿಯಲೂ ಜಾಗವಿಲ್ಲ. ಖಾಲಿ ಸಾಲು ನನಗೆ ದಂಡದ ಹಾಳೆಯಾಗಿ ಕಂಡಿತು. ನನ್ನ ಪ್ರತಿಯಲ್ಲಿ ಅವನ್ನೆಲ್ಲ ಮುಚ್ಚಿ ಬರೆದೆ.

ಅಜ್ಜನದೊಂದು ನಿಯಮವಿತ್ತು. “ಮಾತು ಬೇಕಾದರೆ ಎಡಗೈ ತೋರುಬೆರಳಿನಿಂದ ಮಂಡಿ ತಟ್ಟುತ್ತೇನೆ. ತಟ್ಟದಿದ್ದರೆ ಆಕಾಶ ಬಿದ್ದರೂ ನೀನು ಬಾಯಿ ತೆರೆಯಬಾರದು.” ಆಗಲಿ ಅಂದೆ. ದಿನವೂ ಹಿತ್ತಲಿನ ಬೆಂಚಿನಲ್ಲಿ ಅಭ್ಯಾಸ. ಒಂದು ಜಾಗದಲ್ಲಿ ಅವರು ಯಾವಾಗಲೂ ನಿಲ್ಲುತ್ತಿದ್ದರು. ನಾನು ತಡೆಯಲಾರದೆ ಮುಂದಿನ ಮಾತು ಕೊಡುತ್ತಿದ್ದೆ. “ಗೊತ್ತು, ಗೊತ್ತು,” ಅಂತ ಸಿಡುಕುತ್ತಿದ್ದರು. ಇನ್ನೊಂದು ದಿನ ಅದೇ ಜಾಗದಲ್ಲಿ ನಿಜವಾಗಿಯೂ ಮರೆತು ಬೆರಳು ತಟ್ಟುತ್ತಿದ್ದರು. ನನಗೆ ಅದು ಅವರು ಎಡವುವ ಕಲ್ಲು ಅಂತಲೇ ಮನಸ್ಸಿನಲ್ಲಿ ಕೂತುಬಿಟ್ಟಿತು.

ಆಂಟಿ ಕಾಗದಪತ್ರ ಎಲ್ಲ ಸರಿಮಾಡಿ ನಮ್ಮಿಬ್ಬರನ್ನು ಕಳಿಸಿಕೊಟ್ಟರು. ಹೊರಡುವಾಗ ನನ್ನ ಕಡೆ ನೋಡಿ, “ಅಲ್ಲಿ ಹೋಗಿ ನಿನ್ನ ಪುರಾಣ ಬಿಚ್ಚಬೇಡ ಆಯ್ತಾ? ಅವರ ಮಗಳು, ಅವರ ಮಾತು,” ಅಂದರು. ತಲೆಯಾಡಿಸಿದೆ.

ರೌಸ್ ಹಿಲ್ ಆಗ ಹೊಸ ಸಬರ್ಬ್, ಮನೆಗಳ ಮುಂದಿನ ಮರಗಳು ಇನ್ನೂ ಕೋಲಿಗೆ ಕಟ್ಟಿಸಿಕೊಂಡು ನಿಂತಿದ್ದವು. ಬಾಗಿಲು ತೆರೆದ ಹೆಂಗಸಿಗೆ ಅಜ್ಜನದೇ ಮೂಗು. ಗಂಡನನ್ನೂ ಮಕ್ಕಳನ್ನೂ ಆಕೆ ಬೇಕೆಂದೇ ಹೊರಗೆ ಕಳಿಸಿದ್ದಳು. ಊಟದ ತುಂಬ ಹವಾಮಾನದ ಮಾತೇ ನಡೆಯಿತು. ಅಜ್ಜ ಕೋಳಿಯನ್ನು ಸಣ್ಣಸಣ್ಣಗೆ ಕತ್ತರಿಸುತ್ತಿದ್ದರು, ತಿನ್ನಲಿಲ್ಲ. ಕಾಫಿ ಬಂದಾಗ ಕಪ್ಪನ್ನು ಪಕ್ಕಕ್ಕೆ ಸರಿಸಿ ಬೆನ್ನು ನೇರ ಮಾಡಿ ಕೂತರು. ನಾನು ಅವರ ಹಿಂದೆ, ಎಡಗೈ ಕಾಣುವಂತೆ, ಹಾಳೆ ಹಿಡಿದು ಕಿಟಕಿಯ ಹತ್ತಿರದ ಕುರ್ಚಿಯಲ್ಲಿದ್ದೆ.

“ಆರು ತಿಂಗಳು ಅಂತ ಹೇಳಿ ಹೋದೆ,” ಅಂದರು. ಧ್ವನಿ ಸ್ಪಷ್ಟವಾಗಿತ್ತು. “ನಿನ್ನ ಒಂಬತ್ತನೇ ಹುಟ್ಟುಹಬ್ಬಕ್ಕೆ ಬರುತ್ತೇನೆ ಅಂದಿದ್ದೆ. ನೀನು ನನಗಾಗಿ ಕಾದಿರಬೇಕು.”

ಅಲ್ಲಿ ನಿಂತರು. ಎಡವುವ ಕಲ್ಲು.

ಪಕ್ಕದ ಮನೆಯಲ್ಲಿ ಯಾರೋ ಹುಲ್ಲು ಕತ್ತರಿಸುವ ಮಶೀನು ಓಡಿಸುತ್ತಿದ್ದರು. ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ನಾನು ಬೆರಳು ನೋಡಿದೆ. ಬೆರಳು ಮಂಡಿಯ ಮೇಲೆ ಸುಮ್ಮನೆ ಮಲಗಿತ್ತು. ಮಗಳ ತುಟಿ ತೆರೆದುಕೊಂಡಿತು. ಅದನ್ನೂ ನೋಡಿದೆ. ಆದರೆ ನನ್ನೊಳಗೆ ಗದಗಿನ ಮುಂದಿನ ಸಾಲು ಸಿಳ್ಳೆ ಹೊಡೆಯಲು ಸಿದ್ಧವಾಗಿತ್ತು. ಮುದುಕನ ಮಾನ ಹೋಗುತ್ತದೆ ಅನಿಸಿತು. ನೀರು ಹಾಕಿದೆ.

“ಆ ದಿನ ನಾನು ಇದೇ ಸಿಡ್ನಿಯಲ್ಲಿ ಕನ್ನಡಿಯ ಮುಂದೆ ಕೂತಿದ್ದೆ,” ಎಂದು ಪಿಸುಗುಟ್ಟಿದೆ. ಅಪ್ಪನಿಂದ ಕಲಿತ ಪಿಸುಮಾತು ಅದು, ಟೇಬಲ್ಲಿನ ಆಚೆಗೂ ಚೆನ್ನಾಗಿಯೇ ಕೇಳಿಸಿತು.

ಮಗಳು ತಟ್ಟನೆ ನನ್ನ ಕಡೆ ತಿರುಗಿದಳು. ಅಜ್ಜ ಅರವತ್ತು ವರ್ಷ ಬಣ್ಣ ಹಚ್ಚಿದ ನಟ. ಮಾತು ಕಿವಿಗೆ ಬಿದ್ದೊಡನೆ ಬಾಯಿ ತಾನಾಗಿ ಎತ್ತಿಕೊಂಡಿತು. “ಆ ದಿನ ನಾನು ಇದೇ ಸಿಡ್ನಿಯಲ್ಲಿ ಕನ್ನಡಿಯ ಮುಂದೆ ಕೂತಿದ್ದೆ,” ಅಂದರು. ಅಕ್ಷರ ಅಕ್ಷರ ಅದೇ. ಆಕೆ ನನ್ನ ಕೈಯಲ್ಲಿದ್ದ ಹಾಳೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು.

“ಅಭ್ಯಾಸ ಮಾಡಿಕೊಂಡು ಬಂದೆಯಾ?” ಅಂತ ಕೇಳಿದಳು. “ಇದೂ ನಿನ್ನದೊಂದು ಪಾರ್ಟಾ, ಅಪ್ಪಾ?”

ಅಜ್ಜ ಬೆರಳಿನಿಂದ ಮಂಡಿ ತಟ್ಟಿದರು. ಒಂದು ಸಲ, ಎರಡು ಸಲ. ಆ ಪ್ರಶ್ನೆಗೆ ಹಾಳೆಯಲ್ಲಿ ಉತ್ತರವಿರಲಿಲ್ಲ. ಆಕೆ ಎದ್ದು ಕಪ್ಪುಗಳನ್ನು ಒಟ್ಟುಮಾಡಿ ಒಳಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಓಡುತ್ತಲೇ ಇತ್ತು. ಮೂರು ಗಂಟೆಗೆ ಮೊದಲೇ ನಾವು ಟ್ಯಾಕ್ಸಿಯಲ್ಲಿದ್ದೆವು.

ಅಜ್ಜ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ವಿಮಾನ ಏರುವ ಹೊತ್ತಿಗೆ ಅವರಿಗೆ ಊಟದ ನೆನಪು ಮಾಸಿತ್ತು. “ಅವಳು ಏನು ಹೇಳಿದಳು?” ಅಂತ ಕೇಳಿದರು. ಮತ್ತೆ ಬನ್ನಿ ಅಂದರು ಎಂದು ಸುಳ್ಳು ಹೇಳಿದೆ. ಮರುದಿನ ಶೇವ್ ಮಾಡುವಾಗಲೂ ಅದೇ ಪ್ರಶ್ನೆ, ಅದೇ ಸುಳ್ಳು. ಆಮೇಲೆ ಬಹುತೇಕ ಎಲ್ಲ ಬೆಳಿಗ್ಗೆಗಳೂ ಹಾಗೇ. ಪ್ರತಿ ಸಲ ಅವರು ಖುಷಿಪಡುತ್ತಿದ್ದರು. ಆ ಖುಷಿಯನ್ನು ನೋಡಲು ನನಗೆ ಸಂಕಟವಾಗುತ್ತಿತ್ತು.

ಆಂಟಿಗೆ ಎಲ್ಲ ಹೇಳಿಕೊಂಡೆ. ಬೈಯುತ್ತಾರೆ ಅಂದುಕೊಂಡಿದ್ದೆ. ತಮ್ಮ ಕೊರಳಿನ ಶಿಲುಬೆ ಹಿಡಿದುಕೊಂಡು, “ಆ ಹುಡುಗಿಗೆ ಒಂದು ಫೋನ್ ಮಾಡಿ ತಪ್ಪು ನಂದು ಅಂತ ಹೇಳು ಮಗಾ. ಅಷ್ಟು ಮಾಡ್ಲಿಕ್ಕೆ ಆಗುದಿಲ್ವಾ ನಿಂಗೆ?” ಅಂದರು. ಎರಡು ಸಲ ನಂಬರ್ ಒತ್ತಿದೆ, ಎರಡು ಸಲವೂ ಆಕೆಯ ಹಲೋ ಕೇಳಿ ಇಟ್ಟುಬಿಟ್ಟೆ. ಲೋಕಕ್ಕೆಲ್ಲ ಮಾತು ಎತ್ತಿಕೊಡುವವನಿಗೆ ತನ್ನ ಒಂದು ಮಾತು ಹುಟ್ಟಲಿಲ್ಲ. ನನಗೆ ಇಂದಿಗೂ ಅದು ಮೊದಲಿನ ತಪ್ಪಿಗಿಂತ ದೊಡ್ಡ ತಪ್ಪಾಗಿ ಕಾಣುತ್ತದೆ.

ಮುಂದಿನ ಜುಲೈಯಲ್ಲಿ, ಇಲ್ಲಿನ ಚಳಿಗಾಲದ ಒಂದು ಬೆಳಿಗ್ಗೆ, ನಾನು ಬಿಸಿನೀರಿನ ಬಟ್ಟಲು ಹಿಡಿದು ಹೋಗುವಷ್ಟರಲ್ಲಿ ಅಜ್ಜ ಹೋಗಿಬಿಟ್ಟಿದ್ದರು. ಅಂದಿನ ಗಡ್ಡವನ್ನೂ ನಾನೇ ತೆಗೆದೆ.

ಮೂರನೇ ದಿನ ಮಗಳು ರೂಮು ಖಾಲಿ ಮಾಡಲು ಬಂದಳು. ಒಂದು ಕೋಟು, ಹಳೆಯ ಕೆಲವು ಫೋಟೋ, ಶೇವಿಂಗ್ ಬ್ರಶ್ಶು. ಡ್ರಾಯರಿನ ತಳದಲ್ಲಿ ಆ ನೋಟ್‌ಬುಕ್ಕು ಸಿಕ್ಕಿತು. ನಾನದನ್ನು ಮತ್ತೆ ತೆರೆದು ನೋಡಿರಲೇ ಇಲ್ಲ. ಆಕೆ ಮಂಚದ ಮೇಲೆ ಕೂತು ಓದಿದಳು, ಒಂದು ಕಡೆ ನಿಂತು ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ‘ನೀನು ನನಗಾಗಿ ಕಾದಿರಬೇಕು.’ ಅದರ ಕೆಳಗೆ, ನನ್ನ ಪ್ರತಿಯಲ್ಲಿ ನಾನು ಮುಚ್ಚಿಹಾಕಿದ ಆ ನಾಲ್ಕು ಖಾಲಿ ಸಾಲು. ಪಕ್ಕದಲ್ಲಿ, ನಾನು ಪ್ರತಿ ಮಾಡಿಕೊಂಡ ಮೇಲೆ ಯಾವಾಗಲೋ, ಪೆನ್ಸಿಲಿನಿಂದ ನಡುಗುವ ಅಕ್ಷರದಲ್ಲಿ ತಮಗೆ ತಾವೇ ಬರೆದುಕೊಂಡಿದ್ದರು: ‘ಈ ಜಾಗ ಅವಳದು. ಎಷ್ಟು ಹೊತ್ತಾದರೂ ಕಾಯಬೇಕು.’

ನಾನು ಮಂಚದ ಇನ್ನೊಂದು ತುದಿಯಲ್ಲಿ ಕೂತೆ. ಆಮೇಲೆ ಎಲ್ಲವನ್ನೂ ಹೇಳಿದೆ. ನೆನಪಿನ ಕಾಯಿಲೆ, ಬೆರಳಿನ ನಿಯಮ, ತಟ್ಟದ ಬೆರಳು, ನನ್ನ ಒತ್ತೊತ್ತಿನ ಹಾಳೆ, ದಿನವೂ ಹೇಳಿದ ಸುಳ್ಳು. ಆಕೆ ಕೇಳಿಸಿಕೊಂಡಳು. “ಅವತ್ತು ನಾನು ಏನೋ ಹೇಳುವುದರಲ್ಲಿದ್ದೆ,” ಅಂದಳು. ನೋಡಿದ್ದೆ ಅಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ ನಮ್ಮಲ್ಲಿ. ಆಡಿದ್ದು ನಾನು, ಒಡೆದದ್ದು ಅವರ ಮುತ್ತು.

ಆಕೆ ನೋಟ್‌ಬುಕ್ಕನ್ನು ನನ್ನ ಕೈಗಿಟ್ಟಳು. “ಅಲ್ಲಿಯವರೆಗೆ ಓದು,” ಅಂದಳು.

ಓದಿದೆ. ಆರು ತಿಂಗಳು ಅಂತ ಹೇಳಿ ಹೋದೆ. ನಿನ್ನ ಒಂಬತ್ತನೇ ಹುಟ್ಟುಹಬ್ಬಕ್ಕೆ ಬರುತ್ತೇನೆ ಅಂದಿದ್ದೆ. ನೀನು ನನಗಾಗಿ ಕಾದಿರಬೇಕು. ಅಲ್ಲಿ ನಿಲ್ಲಿಸಿದೆ.

ಆಂಟಿ ಚೀಲಗಳನ್ನು ಹಿಡಿದು ಬಾಗಿಲಿಗೆ ಬಂದರು, ಏನೋ ಹೇಳಹೊರಟರು. ನಾನು ಕೈ ಎತ್ತಿ ತಡೆದೆ. ಅವರು ಹಾಗೇ ನಿಂತರು. ಹೀಟರ್ ಒಮ್ಮೆ ಆರಿ ಮತ್ತೆ ಹತ್ತಿಕೊಂಡಿತು. ಆಕೆ ಅಜ್ಜನ ಖಾಲಿ ಕುರ್ಚಿಯನ್ನು ನೋಡುತ್ತಿದ್ದಳು. ನಾನು ಹಲ್ಲು ಕಚ್ಚಿ ಕೂತೆ.

“ಕಾದಿದ್ದೆ,” ಅಂದಳು ಕೊನೆಗೆ. “ಕೇಕ್ ಕತ್ತರಿಸಲು ಬಿಡಲಿಲ್ಲ. ಮರುದಿನವೂ ಕಾದಿದ್ದೆ, ಅಪ್ಪಾ.”

ಮುಂದಿನ ಸಾಲು ನನ್ನ ಕೈಯಲ್ಲಿತ್ತು. ಅದನ್ನು ಹೇಳಬೇಕಾದವರು ಇರಲಿಲ್ಲ. ನಾನು ಪುಸ್ತಕ ಮುಚ್ಚಿ ಆಕೆಗೆ ಕೊಟ್ಟೆ.