ಬೆಣ್ಣೆಲಿಪಿ

ಇಪ್ಪತ್ತು ವರ್ಷ ನಾನು ಆರ್.ಟಿ. ನಗರದ ಒಂದು ಕನ್ನಡ ಶಾಲೆಯಲ್ಲಿ ಪ್ರಾಚೀನ ನಾಗರಿಕತೆಗಳ ಪಾಠ ಮಾಡಿದ್ದೇನೆ. ಮೆಸೊಪೊಟೇಮಿಯಕ್ಕೆ ಎರಡು ಪೀರಿಯಡ್ಡು, ಈಜಿಪ್ಟಿಗೆ ಎರಡು. ನೋಟ್ಸೆಲ್ಲ ಬಾಯಿಪಾಠವಾಗಿತ್ತು, ಪುಸ್ತಕ ತೆರೆಯದೆ ಹೇಳಿ ಬರೆಸುತ್ತಿದ್ದೆ. ನಾಲಿಗೆಯೂ ಸ್ವಲ್ಪ ಉದ್ದ. ನಗಿಸಿದರೆ ಪಾಠ ಬೇಗ ತಲೆಗೆ ಹತ್ತುತ್ತದೆ ಎಂದು ನಂಬಿದವಳು ನಾನು.

ಆ ವರ್ಷದ ಎಂಟನೇ ತರಗತಿಯಲ್ಲಿ ಪ್ರಶ್ನೆ ಕೇಳುವವಳು ಒಬ್ಬಳೇ. ತಣಿಸಂದ್ರದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಮನೆಯಲ್ಲಿ ಮಾತು ಉರ್ದು, ತಂದೆ ಮರಗೆಲಸದವರು. ಉಳಿದ ನಲವತ್ತು ಮಂದಿ ಹೇಳಿದ್ದನ್ನು ಬರೆದುಕೊಂಡು ಸುಮ್ಮನಾದರೆ, ಇವಳು ಬರೆದು, ಪೆನ್ನು ಕಚ್ಚಿ, ಕೈ ಎತ್ತುತ್ತಿದ್ದಳು. ಯಾರ ಹತ್ತಿರವೂ ಹೇಳಿಕೊಂಡಿಲ್ಲ, ಆದರೆ ಆ ಕೈಗಾಗಿಯೇ ನಾನು ಆ ತರಗತಿಗೆ ಖುಷಿಯಿಂದ ಹೋಗುತ್ತಿದ್ದೆ.

ಸುಮೇರಿಯನ್ನರು ಜೇಡಿಮಣ್ಣಿನ ಹಲಗೆಯ ಮೇಲೆ ಬೆಣೆಲಿಪಿಯಲ್ಲಿ ಬರೆಯುತ್ತಿದ್ದರು ಎಂದು ಬರೆಸಿದ ದಿನ ಅವಳು ಎದ್ದು ನಿಂತಳು.

"ಮಿಸ್, ಬೆಣ್ಣೇಲಿ ಬರೆದ್ರೆ ಕರಗೋಗಲ್ವಾ?"

"ಅದಕ್ಕೇ ಕಣಮ್ಮ, ಓದಾದ್ಮೇಲೆ ದೋಸೆ ಜೊತೆ ತಿಂದ್ಬಿಡ್ತಿದ್ರು," ಎಂದೆ.

ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಬೆಣ್ಣೆಯಲ್ಲ ಬೆಣೆ ಎಂದು ಬೋರ್ಡಿನ ಮೇಲೆ ಬರೆದು ಮುಂದಿನ ಸಾಲಿಗೆ ಹೋದೆ. ಸಂಜೆಯ ಹೊತ್ತಿಗೆ ಅವಳಿಗೆ 'ಬೆಣ್ಣೆ' ಎಂದು ಹೆಸರು ಬಿದ್ದಿತ್ತು. ಆಮೇಲೆ ಹದಿನೈದು ದಿನ ಆ ಕೈ ಮೇಲೇಳಲಿಲ್ಲ. ಪಕ್ಕದ ಕೋಣೆಯಲ್ಲಿ ಕನ್ನಡ ಮೇಷ್ಟ್ರು 'ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು' ಗಾದೆಯನ್ನು ವಿಸ್ತರಿಸುತ್ತಿದ್ದುದು ನನಗೆ ಚೆನ್ನಾಗಿಯೇ ಕೇಳಿಸುತ್ತಿತ್ತು.

ಮಕ್ಕಳ ಹತ್ತಿರ ಕ್ಷಮೆ ಕೇಳಿ ನನಗೆ ಅಭ್ಯಾಸವಿರಲಿಲ್ಲ. ಬದಲಿಗೆ ಅಲ್ಲಾಳಸಂದ್ರ ಕೆರೆಯ ಅಂಚಿನಿಂದ ಒಂದು ಬಕೆಟ್ ಜೇಡಿಮಣ್ಣು ತಂದೆ. ಲಿಪಿ ಒತ್ತುವುದಕ್ಕೆ ಮನೆಯಿಂದ ಏನಾದರೂ ತನ್ನಿ ಎಂದು ಹಿಂದಿನ ದಿನವೇ ಹೇಳಿದ್ದೆ. ಪೆನ್ಸಿಲ್ಲು, ಐಸ್‌ಕ್ರೀಮ್ ಕಡ್ಡಿ, ಸ್ಕೇಲು ಬಂದವು. ಎಲ್ಲವೂ ಮಣ್ಣನ್ನು ಗೀರಿದವು, ಯಾವುದೂ ಪುಸ್ತಕದ ಚಿತ್ರದ ಹಾಗೆ ಬರಲಿಲ್ಲ. ಕೊನೆಯ ಬೆಂಚಿನಲ್ಲಿ ಅವಳು ಬ್ಯಾಗಿನಿಂದ ಒಂದು ಮರದ ತುಂಡು ತೆಗೆದಳು. ಒಂದು ತುದಿ ದಪ್ಪ, ಇನ್ನೊಂದು ತೆಳು. ಅದರ ಮೂಲೆ ಒತ್ತಿದಳು. ಮಣ್ಣಿನಲ್ಲಿ ಪುಸ್ತಕದ ಚಿತ್ರದಲ್ಲಿದ್ದಂಥದೇ ಅಚ್ಚುಕಟ್ಟಾದ ಮುಕ್ಕೋಣದ ಗುರುತು ಮೂಡಿತು.

"ಇದೇ ಬೆಣೆ ಮಿಸ್. ಮಂಚದ ಕಾಲು ಅಲ್ಲಾಡಿದ್ರೆ ಸಂದಿಗೆ ಹೊಡೀತಾರೆ. ನಾವು ಪಚ್ಚರ್ ಅಂತೀವಿ. ಕನ್ನಡದಲ್ಲಿ ಬೆಣೆ ಅಂತ ಅಬ್ಬಾ ಹೇಳಿದ್ರು." ಆಮೇಲೆ ಕೇಳಿದಳು, "ನೀವು ನೋಡಿದ್ರಾ ಮಿಸ್, ಮುಂಚೆ?"

ನಲವತ್ತು ಮುಖಗಳು ನನ್ನ ಕಡೆ ತಿರುಗಿದವು. ಇಪ್ಪತ್ತು ವರ್ಷ ಬರೆಸಿದ ಪದ.

"ಇಲ್ಲಮ್ಮ. ಇವತ್ತೇ ನೋಡ್ತಿರೋದು," ಎಂದೆ.

ಯಾರೂ ನಗಲಿಲ್ಲ. ನನಗೆ ನಾಚಿಕೆಯಾದದ್ದು ಅದರಿಂದಲೇ.

ಅಷ್ಟರಲ್ಲಿ ಅವಳ ಕೈ ಮೇಲೆದ್ದಿತು, ಮಣ್ಣು ಮೆತ್ತಿಕೊಂಡು.

"ತಪ್ಪು ಬರೆದ್ರೆ ಹೆಂಗ್ ಅಳಿಸ್ತಿದ್ರು ಮಿಸ್?"

"ಹಸಿ ಇದ್ದಾಗ ಹೆಬ್ಬೆರಳಲ್ಲಿ ತೀಡಿದ್ರೆ ಸಾಕು. ಒಣಗಿದ್ಮೇಲೆ ಆಗಲ್ಲ." ಇಷ್ಟು ಹೇಳಿ, ಎಲ್ಲರ ಎದುರಿಗೇ ಇನ್ನೊಂದು ಮಾತು ಸೇರಿಸಿದೆ. "ಅವತ್ತು ನಾನು ಹಂಗೆ ಅನ್ನಬಾರದಿತ್ತು ಕಣಮ್ಮ."

ಅವಳು ತಲೆ ಎತ್ತಲಿಲ್ಲ. ತನ್ನ ಹಲಗೆಯ ಮೇಲೆ ಹೆಬ್ಬೆರಳು ಒತ್ತಿ ನೋಡಿ, "ಇನ್ನೂ ಹಸೀನೇ ಇದೆ ಮಿಸ್," ಎಂದಳು.